ಯೋಹಾನ್ ಕ್ರಿಸ್ಟಿಯಾನ್ ಫ್ಯಾಬ್ರಿಷಿಯಸ್

ಯೋಹಾನ್ ಕ್ರಿಸ್ಟಿಯಾನ್ ಫ್ಯಾಬ್ರಿಷಿಯಸ್ (7 ಜನವರಿ 1745 – 3 ಮಾರ್ಚ್ 1808) ಡೆನ್ಮಾರ್ಕಿನ ಪ್ರಸಿದ್ಧ ಕೀಟವಿಜ್ಞಾನಿ. ತೆಂಗಿನ ಹೊಂಬಾಳೆಗೆ ಬರುವ ಕೋಲುಜೇನು, ಹೆಜ್ಜೇನು ಹಾಗೂ ತುಡುವೆ ಜೇನುಗಳಿಗೆ ವೈಜ್ಞಾನಿಕ ಹೆಸರಿಟ್ಟವರು ಇವರೇ.

ಶ್ಲೆಸ್ವಿಗ್ ಪ್ರಾಂತ್ಯದ ಟೊಂಡರ್‌ನಲ್ಲಿ ಜನಿಸಿದ ಇವರು ಉಪ್ಸಾಲದಲ್ಲಿ ಲಿನಿಯಸ್ ಅವರ ಶಿಷ್ಯರಾಗಿದ್ದರು. ಗುರುಗಳು ಕೀಟಗಳನ್ನು ಮುಖ್ಯವಾಗಿ ರೆಕ್ಕೆಗಳಿಂದ ವಿಂಗಡಿಸಿದ್ದರು. ಫ್ಯಾಬ್ರಿಷಿಯಸ್ 1775ರ 'ಸಿಸ್ಟೆಮಾ ಎಂಟಮಾಲಜಿಯೆ' ಗ್ರಂಥದಲ್ಲಿ ಅದನ್ನು ಬಿಟ್ಟು ಬಾಯಿಯ ಅಂಗಗಳನ್ನು ಆಧಾರವಾಗಿಸಿಕೊಂಡರು. ಒಂದೇ ಬಗೆಯ ಆಹಾರ ಸೇವಿಸುವ ಕೀಟಗಳು ಒಂದೇ ಕುಲಕ್ಕೆ ಸೇರಬೇಕೆಂಬುದು ಅವರ ತರ್ಕ. ಅಷ್ಟು ಚಿಕ್ಕ ಅಂಗಗಳನ್ನು ಪರೀಕ್ಷಿಸುವುದು ಸುಲಭವಾಗಿರಲಿಲ್ಲ. ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಲಂಡನ್ನಿಗೆ ಹೋಗಿ ಜೋಸೆಫ್ ಬ್ಯಾಂಕ್ಸ್ ಅವರ ಸಂಗ್ರಹವನ್ನೂ ಅಭ್ಯಸಿಸಿ, ಸುಮಾರು 10,000 ಕೀಟಗಳಿಗೆ ಹೆಸರಿಟ್ಟರು.

ಭಾರತವನ್ನು ಅವರು ಕಾಣಲಿಲ್ಲ. ಕೋಲುಜೇನನ್ನು 1787ರಲ್ಲಿ, ಉಳಿದೆರಡನ್ನು 1793ರಲ್ಲಿ ವರ್ಣಿಸಿದ್ದು ಒಣಗಿದ ಮಾದರಿಗಳಿಂದ. ಆ ಮಾದರಿಗಳು ಬಾಯಿಯ ರಚನೆಯನ್ನು ತೋರಿಸಬಲ್ಲವಾಗಿದ್ದವೇ ಹೊರತು ಹೂವಿನೊಡನೆ ಜೇನಿನ ಸಂಬಂಧವನ್ನಲ್ಲ. ಎತ್ತರದ ತಳಿಯ ತೆಂಗಿನಲ್ಲಿ ಸಾಮಾನ್ಯವಾಗಿ ಒಂದು ಹೊಂಬಾಳೆಯ ಗಂಡುಹೂಗಳು ಉದುರಿದ ಮೇಲಷ್ಟೇ ಅದರ ಹೆಣ್ಣುಹೂಗಳು ಪಕ್ವವಾಗುತ್ತವೆ. ಹೀಗಾಗಿ ಕಾಯಿಕಟ್ಟಲು ಬೇರೆ ಮರದ ಪರಾಗ ಬೇಕು; ಅದನ್ನು ಗಾಳಿಯ ಜೊತೆಗೆ ಮಕರಂದ ಅರಸಿ ಬರುವ ಈ ಜೇನುಗಳೂ ತಲುಪಿಸುತ್ತವೆ. ಏಪಿಸ್ ಫ್ಲೋರಿಯಾ, ಏಪಿಸ್ ಡಾರ್ಸೇಟಾ, ಏಪಿಸ್ ಸೆರಾನಾ ಎಂಬ ಅವರ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.