ಬೇಡವೆಂದರೂ ಬಿಡದ ಚಾಳಿ: ಸಂತ ಅಗಸ್ಟೀನರ ಹೋರಾಟ

ಕಾಮದ ಚಾಳಿಗೆ ಸಿಕ್ಕಿಬಿದ್ದವನು ಮನಸ್ಸು ಮಾಡಿದರೆ ಅದನ್ನು ಬಿಡಬಲ್ಲ ಎಂದೇ ನಾವು ತಿಳಿದಿದ್ದೇವೆ. ಬಿಡದಿದ್ದರೆ ಅವನಿಗೆ ಮನಸ್ಸಿಲ್ಲವೆಂದು ಹೆಂಡತಿ ಕಣ್ಣೀರಿಡುತ್ತಾಳೆ. ನಾಳೆಯಿಂದ ಇಲ್ಲವೆಂದು ಹತ್ತಾರು ಸಲ ಆಣೆಯಿಟ್ಟು ಮುರಿದವನು ಒಳಗೊಳಗೇ ಬೇಯುತ್ತಾನೆ. ಇದು ದೀಪ ಆರಿಸಿದಷ್ಟು ಸುಲಭವೇ? ಸಂತ ಅಗಸ್ಟೀನರ ಬಾಳನ್ನು ನೋಡಿ.

ಅವರು ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಇಂದಿನ ಅಲ್ಜೀರಿಯಾದಲ್ಲಿದ್ದ ತಗಾಸ್ತೆ ಎಂಬ ಊರಿನಲ್ಲಿ. ತಾಯಿ ಸಂತ ಮೋನಿಕಾ. ಓದಲೆಂದು ಕಾರ್ಥೇಜ್ ನಗರಕ್ಕೆ ಹೋದ ಜಾಣ ಹುಡುಗ ಮದುವೆಯಿಲ್ಲದೆ ಒಬ್ಬ ಹೆಣ್ಣಿನೊಡನೆ ಸಂಸಾರ ಹೂಡಿದ. ಅದೆಯೊದಾತ ಎಂಬ ಮಗ ಹುಟ್ಟಿದ. ಆ ದಿನಗಳಲ್ಲಿ ಅಗಸ್ಟೀನರು ಶುದ್ಧತೆಯನ್ನು ದೇವರಲ್ಲಿ ಬೇಡುತ್ತಿದ್ದರು, ಆದರೆ ಅದು ಬೇಗ ಬಂದೀತೆಂದು ಹೆದರುತ್ತಲೂ ಇದ್ದರು!

384ರಲ್ಲಿ ಮಿಲಾನ್ ನಗರದಲ್ಲಿ ದೊಡ್ಡ ಅಧ್ಯಾಪಕ ಹುದ್ದೆ ದೊರೆಯಿತು. ಉತ್ತಮ ಮನೆತನದ ಹುಡುಗಿಯೊಡನೆ ವಿವಾಹ ನಿಶ್ಚಯವಾಯಿತು. ಅದಕ್ಕಾಗಿ, ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಜೊತೆಗಿದ್ದ ಆ ಹೆಣ್ಣನ್ನು ಆಫ್ರಿಕಾಕ್ಕೆ ಮರಳಿ ಕಳುಹಿಸಲಾಯಿತು. ಮಗನನ್ನು ಬಿಟ್ಟು ಹೋದ ಆಕೆ ಇನ್ನಾವ ಗಂಡಸಿನ ಸಹವಾಸವೂ ಬೇಡವೆಂದು ಹರಕೆ ಹೊತ್ತಳು. ಆಕೆಯ ಹೆಸರೂ ನಮಗೆ ತಿಳಿಯದು. ಇತ್ತ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷವಿತ್ತು. ಅಷ್ಟು ಕಾಯಲಾರದೆ ಅಗಸ್ಟೀನರು ಮತ್ತೊಬ್ಬಳನ್ನು ಕೂಡಿಕೊಂಡರು. ಚಾಳಿಗೆ ಬೆಲೆ ತೆರುವವರು ಯಾವಾಗಲೂ ಒಬ್ಬರಲ್ಲ, ಗಮನಿಸಿ.

ಅವರಿಗೆ ಮನಸ್ಸಿರಲಿಲ್ಲವೇ? ಇತ್ತು. ಕೈಗೆ ಅಪ್ಪಣೆ ಮಾಡಿದರೆ ಕೈ ಏಳುತ್ತದೆ, ಮನಸ್ಸು ತನಗೆ ತಾನೇ ಅಪ್ಪಣೆ ಮಾಡಿದರೆ ಯಾಕೆ ಕೇಳದು ಎಂದು ಅವರು ಬೆರಗಾದರು. ನಮ್ಮ ಸಂಗೊಳ್ಳಿ, ಬೈಲಹೊಂಗಲದ ಎರೆಹೊಲದ ದಾರಿ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಚಕ್ಕಡಿ ಒಂದೇ ಜಾಡಿನಲ್ಲಿ ಹೋಗಿ ಹೋಗಿ ಅದು ಆಳವಾಗುತ್ತದೆ. ಆಮೇಲೆ ಎತ್ತನ್ನು ಎಷ್ಟು ಹೊಡೆದರೂ ಗಾಲಿ ಆ ಜಾಡಿಗೇ ಇಳಿಯುತ್ತದೆ. ಮೇಲೆತ್ತಲು ಬೇರೆಯವರೂ ಹೆಗಲು ಕೊಡಬೇಕು.

ಅಗಸ್ಟೀನರಿಗೂ ಹಾಗೇ ಆಯಿತು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅತ್ತು ಸೋತಾಗ ಮಗುವಿನ ದನಿಯೊಂದು ಓದಲು ಕರೆಯಿತು. ಪೌಲರು ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯ ಕಣ್ಣಿಗೆ ಬಿತ್ತು. ಒಡನೆಯೇ ಗೆಳೆಯ ಅಲಿಪಿಯುಸನಿಗೆ, ಬಳಿಕ ತಾಯಿಗೆ ಎಲ್ಲವನ್ನೂ ತಿಳಿಸಿದರು. ಹುದ್ದೆ ಬಿಟ್ಟರು, ಗೆಳೆಯರೊಡನೆ ಹಳ್ಳಿಮನೆಯಲ್ಲಿ ಉಳಿದರು. 387ರ ಪಾಸ್ಖ ಜಾಗರಣೆಯಂದು ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಮುಂದೆ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿ 430ರ ಆಗಸ್ಟ್ 28ರಂದು ತೀರಿಕೊಂಡರು.

ಆದರೆ ತೋಟದ ಆ ದಿನವೇ ಎಲ್ಲವೂ ಆರಿಹೋಯಿತೇ? ಇಲ್ಲ. ಹತ್ತು ವರ್ಷದ ಮೇಲೆ, ಧರ್ಮಾಧ್ಯಕ್ಷರಾಗಿದ್ದಾಗ ಬರೆದ ‘ಕನ್ಫೆಷನ್ಸ್’ ಗ್ರಂಥದಲ್ಲಿ, ಹಳೆಯ ಚಿತ್ರಗಳು ಇನ್ನೂ ಕನಸಿನಲ್ಲಿ ಕಾಡುತ್ತವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ನಡತೆ ಬದಲಾಗಿತ್ತು, ಎಚ್ಚರ ಮಾತ್ರ ಕೊನೆಯವರೆಗೂ ಬೇಕಾಗಿತ್ತು.

ಅಗಸ್ಟೀನರನ್ನು ರೋಗಿಯೆಂದು ಕರೆಯುವುದು ಸಲ್ಲದು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಹತೋಟಿ ಮೀರಿದ ಕಾಮವರ್ತನೆಯೂ ಸೇರಿದೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ತಡೆಯಲಾರದೆ, ಮನೆ, ದುಡಿಮೆ, ಆರೋಗ್ಯ ಹಾಳಾದರೂ ಮುಂದುವರಿದರೆ ಅದು ಚಿಕಿತ್ಸೆ ಬೇಕಾದ ತೊಂದರೆ. ಬರಿಯ ಪಾಪಭೀತಿಯ ಸಂಕಟವನ್ನು ವೈದ್ಯರು ಈ ರೋಗವೆಂದು ಎಣಿಸುವುದಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಹೀಯಾಳಿಸಬೇಡಿ. ಅವರ ತಪ್ಪಿಗೆ ಪರದೆಯನ್ನೂ ಹಾಕಬೇಡಿ. ನೊಂದ ಹೆಂಡತಿಗೆ, ಮಕ್ಕಳಿಗೆ ಮೊದಲು ಆಸರೆಯಾಗಿ. ಪಾಪನಿವೇದನೆಯೊಂದಿಗೆ ವೈದ್ಯರ ನೆರವೂ ಇರಲಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಮನೆಯಿಂದಲೇ ಮಾತನಾಡಬಹುದು. ಒಂದೇ ದಿನದಲ್ಲಿ ಬಿಡಲಾಗದೇ ಇರಬಹುದು, ಆದರೆ ನೆರವು ಕೇಳುವುದು ಇಂದೇ ಸಾಧ್ಯ.