ದಾರಿ ಬಿಟ್ಟು ನಡೆದವನು: ವಿಲಿಯಂ ಲ್ಯಾಂಬ್ಟನ್

ನಮ್ಮ ಕಾಲೇಜಲ್ಲಿ ಪ್ರತಿ ಸೆಮಿಸ್ಟರ್ ಒಂದು ಟ್ರೆಕ್ ಪ್ಲಾನ್ ಆಗುತ್ತೆ. ಗ್ರೂಪ್ ಕ್ರಿಯೇಟ್ ಆಗುತ್ತೆ, ಅದಕ್ಕೊಂದು ಹೆಸರು ಇಡ್ತಾರೆ, ಮೂವತ್ತು ಜನ ಸೇರ್ತಾರೆ, ಕೊನೆಗೆ ನಾಲ್ಕು ಜನ ಹೋಗ್ತಾರೆ. ಈ ಸಲ ಮಾತು ಚಿಂಚೋಳಿ ಕಾಡಿನ ಬಗ್ಗೆ ನಡೀತಿದೆ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾದ ಸುಮಾರು 135 ಚದರ ಕಿಲೋಮೀಟರ್ ಕಾಡು, ಚಂದ್ರಂಪಳ್ಳಿ ಡ್ಯಾಮ್, ಕೆಂಪು ಮಣ್ಣಿನ ಗುಡ್ಡಗಳು. ಸೇಡಂ, ಚಿತ್ತಾಪುರ ಕಡೆಯ ಬಿಸಿಲು, ವಾಡಿಯ ಸಿಮೆಂಟ್ ಧೂಳು, ಶಹಾಬಾದಿನ ಕಲ್ಲಿನ ಗಣಿಗಳನ್ನಷ್ಟೇ ನೋಡಿ ಬೆಳೆದವರಿಗೆ ನಮ್ಮದೇ ಜಿಲ್ಲೆಯಲ್ಲಿ ಇಷ್ಟು ಹಸಿರು ಇದೆ ಅಂದ್ರೆ ನಂಬಿಕೆ ಬರಲ್ಲ. ಆದ್ರೆ ನಾನು ಬರೆಯೋಕೆ ಹೊರಟಿದ್ದು ನಮ್ಮ ಟ್ರೆಕ್ ಬಗ್ಗೆ ಅಲ್ಲ. ಈ ಸೀಮೆಯ ಪಕ್ಕದಲ್ಲೇ, ಇನ್ನೂರು ವರ್ಷಕ್ಕೂ ಹಿಂದೆ, ದಾರಿಯೇ ಇಲ್ಲದ ಕಡೆ ಬೇಕಂತಲೇ ನಡೆದು ಹೋದ ಒಬ್ಬ ಮನುಷ್ಯನ ಬಗ್ಗೆ. ಅವನ ಟ್ರೆಕ್ ಇಪ್ಪತ್ತು ವರ್ಷ ನಡೀತು.

ವಿಲಿಯಂ ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, 1753ರ ಸುಮಾರಿಗೆ. ಬಡ ರೈತರ ಮನೆ. ಗಣಿತ ಚೆನ್ನಾಗಿ ಬರ್ತಿತ್ತು. 1781ರಲ್ಲಿ 33ನೇ ರೆಜಿಮೆಂಟ್ ಸೇರಿದ, ಅಮೆರಿಕಕ್ಕೆ ಹೋದ, ಯುದ್ಧ ಮುಗಿದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಬ್ಯಾರಕ್ಕುಗಳನ್ನು ನೋಡಿಕೊಳ್ಳುವ ಸಣ್ಣ ನೌಕರಿಯಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಕಳೆದ. ಅಲ್ಲಿ ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಹಾಳಾಯ್ತು. ಮುಂದೆ ಜೀವನಪೂರ್ತಿ ದೂರದರ್ಶಕದಲ್ಲಿ ಕಣ್ಣಿಟ್ಟು ಬದುಕಿದವನು ಉಳಿದ ಇನ್ನೊಂದೇ ಕಣ್ಣಿನಲ್ಲಿ ಅಷ್ಟೂ ನೋಡಿದ. ಸಂಕೋಚದ ಮನುಷ್ಯ, ಹೆಚ್ಚು ಮಾತಿಲ್ಲ. ನಲವತ್ತು ದಾಟಿದ ಮೇಲೆ ಭಾರತಕ್ಕೆ ಬಂದ. ಅಷ್ಟು ಹೊತ್ತಿಗೆ ಅವನ ಜೊತೆಯವರೆಲ್ಲ ಮೇಲೆ ಹೋಗಿದ್ರು. ಅವನ ರೆಜಿಮೆಂಟಿನ ಮೇಲಧಿಕಾರಿ ಆರ್ಥರ್ ವೆಲ್ಲೆಸ್ಲಿ ಅವನಿಗಿಂತ ಹದಿನೈದು ವರ್ಷವಾದರೂ ಚಿಕ್ಕವನು.

1799ರಲ್ಲಿ ಟಿಪ್ಪು ವಿರುದ್ಧದ ಕೊನೆಯ ಯುದ್ಧ. ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ಪಡೆ ಕರಕೊಂಡು ವಾಪಸ್ ಹೊರಟಿದ್ದ. ಲ್ಯಾಂಬ್ಟನ್ ಆಕಾಶ ನೋಡಿದ. ನಕ್ಷತ್ರಗಳ ಲೆಕ್ಕದಲ್ಲಿ ಪಡೆ ಹೋಗ್ತಿರೋದು ಉತ್ತರಕ್ಕಲ್ಲ, ದಕ್ಷಿಣಕ್ಕೆ, ಅಂದ್ರೆ ನೇರ ಟಿಪ್ಪು ಸೈನ್ಯದ ಕಡೆಗೆ. ಹೋಗಿ ಹೇಳಿದ. ಬೇರ್ಡ್‌ಗೆ ಸಿಟ್ಟು ಬಂತು, ದಾರಿ ತನಗೆ ಗೊತ್ತು ಅಂತ ರೇಗಿದ. ಆಮೇಲೆ ದಿಕ್ಸೂಚಿ ತೆಗೆದು ನೋಡಿದ್ರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ನನಗೆ ಈ ಘಟನೆಯಲ್ಲಿ ಇಷ್ಟವಾಗೋದು ನಕ್ಷತ್ರದ ಜ್ಞಾನ ಅಷ್ಟೇ ಅಲ್ಲ. ಮಾತೇ ಆಡದ ಮನುಷ್ಯ ಆ ಹೊತ್ತಿಗೆ ಬಾಯಿ ಬಿಟ್ಟ, ಅದೂ ಜನರಲ್ ಮುಂದೆ.

ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ನಕ್ಷೆ ಮಾಡುವ ಕೆಲಸ ಕಾಲಿನ್ ಮೆಕೆಂಜಿಗೆ ಸಿಕ್ತು. ಊರು, ಕೆರೆ, ದಾರಿ, ಗಡಿ ಎಲ್ಲ ಅವನ ಪಾಲು. ಲ್ಯಾಂಬ್ಟನ್ ಕೇಳಿದ್ದು ಬೇರೆಯೇ. ಪೂರ್ವದ ಕಡಲಿಂದ ಪಶ್ಚಿಮದ ಕಡಲವರೆಗೆ ಗುಡ್ಡದಿಂದ ಗುಡ್ಡಕ್ಕೆ ತ್ರಿಭುಜಗಳನ್ನು ಹೆಣೆಯೋದು, ಆಮೇಲೆ ಒಂದು ರೇಖಾಂಶ ಹಿಡಿದು ಉತ್ತರಕ್ಕೆ ಹೋಗೋದು, ಅದರಿಂದ ಭೂಮಿಯ ಆಕಾರ ಎಷ್ಟು ಚಪ್ಪಟೆ ಅಂತ ಲೆಕ್ಕ ಹಾಕೋದು. ಮದ್ರಾಸಿನ ಕೆಲವು ಅಧಿಕಾರಿಗಳಿಗೆ ಇದು ದುಡ್ಡು ಹಾಳು ಮಾಡೋ ಕೆಲಸ ಅನಿಸಿತ್ತು. ಊರು ಎಲ್ಲಿದೆ ಅಂತ ಪಲ್ಲಕ್ಕಿ ಹೊರೋರಿಗೆ ಗೊತ್ತಿರುವಾಗ ತ್ರಿಭುಜ ಯಾಕೆ ಅನ್ನೋ ವಾದ. ವೆಲ್ಲೆಸ್ಲಿಯ ಬೆಂಬಲ ಇದ್ದಿದ್ದರಿಂದ ಒಪ್ಪಿಗೆ ಸಿಕ್ತು.

ಸಿವಿಲ್ ಬ್ರಾಂಚಿನವರಿಗೆ ಟ್ರೈಯಾಂಗ್ಯುಲೇಶನ್ ಗೊತ್ತಿರುತ್ತೆ, ಬೇರೆಯವರಿಗೆ ಎರಡೇ ಮಾತಲ್ಲಿ ಹೇಳ್ತೀನಿ. ಒಂದು ಗೆರೆಯನ್ನು ನೆಲದ ಮೇಲೆ ಸರಪಳಿ ಹಾಕಿ ಅಳೀಬೇಕು, ಅದು ಬೇಸ್‌ಲೈನ್. ಅದರ ಎರಡೂ ತುದಿಯಿಂದ ದೂರದ ಒಂದು ಗುಡ್ಡದ ಕೋನ ನೋಡಿದ್ರೆ ಸೈನ್ ರೂಲ್‌ನಿಂದ ಉಳಿದ ಎರಡು ಬದಿಗಳು ಸಿಗ್ತವೆ. ಆ ಬದಿಗಳೇ ಮುಂದಿನ ತ್ರಿಭುಜಕ್ಕೆ ಬೇಸ್. ಹೀಗೆ ನೂರಾರು ಮೈಲಿ ಹೋಗಬಹುದು, ಸರಪಳಿ ಮತ್ತೆ ಮುಟ್ಟದೆ. ಕಾಗದದ ಮೇಲೆ ಸುಲಭ. ಆದ್ರೆ ಈ ಲೆಕ್ಕಕ್ಕೆ ರಸ್ತೆ ಯಾವ ಕಡೆ ಹೋಗುತ್ತೆ, ನೀರು ಎಲ್ಲಿದೆ ಅನ್ನೋದು ಬೇಕಿಲ್ಲ. ಯಾವ ಗುಡ್ಡದಿಂದ ಯಾವ ಗುಡ್ಡ ಕಾಣುತ್ತೆ ಅನ್ನೋದೇ ದಾರಿ. ಕಾಣೋ ಗುಡ್ಡ ಕಾಡಿನ ನಡುವೆ ಇದ್ರೆ ಕಾಡಿಗೇ ಹೋಗಬೇಕು.

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಮೊದಲ ಬೇಸ್‌ಲೈನ್ ಶುರುವಾಯ್ತು. ಏಳೂವರೆ ಮೈಲಿ ಉದ್ದ. ನೂರು ಅಡಿಯ ಉಕ್ಕಿನ ಸರಪಳಿ. ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಟ್ಟವಾಗಿ ಇಟ್ಟು, ಬಿಗಿಯಾಗಿ ಎಳೆದು, ಬಿಸಿಗೆ ಎಷ್ಟು ಹಿಗ್ಗಿದೆ ಅಂತ ಥರ್ಮಾಮೀಟರ್ ನೋಡಿ, ಒಂದೊಂದು ಸಲವೂ ಬರೆದುಕೊಂಡು, ಸುಮಾರು 400 ಸಲ ಹಾಕಿದ್ರು. 57 ದಿನ ಹಿಡೀತು. ಈಗಿನ ಟೋಟಲ್ ಸ್ಟೇಷನ್‌ನಲ್ಲಿ ಒಂದು ಮಧ್ಯಾಹ್ನದ ಕೆಲಸ.

ಅವನ ಲಗೇಜ್ ಬಗ್ಗೆ ಹೇಳಲೇಬೇಕು. ನಾವು ಬ್ಯಾಗ್ ಎಂಟು ಕೆಜಿ ದಾಟಿದ್ರೆ ಗೋಳಾಡ್ತೀವಿ. ಲ್ಯಾಂಬ್ಟನ್‌ನ ದೊಡ್ಡ ಥಿಯೋಡೊಲೈಟ್ ಸುಮಾರು ಅರ್ಧ ಟನ್. ಕೋನ ಓದುವ ಚಕ್ರ ಮೂರು ಅಡಿ ಅಗಲ. ಲಂಡನ್‌ನಲ್ಲಿ ವಿಲಿಯಂ ಕೇರಿ ಮಾಡಿದ್ದು. ಭಾರತಕ್ಕೆ ಬರುವಾಗ ಅದಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದಿದ್ರು. ಪೆಟ್ಟಿಗೆ ತೆಗೆದು ನೋಡಿ, ಇದು ವಿಜ್ಞಾನದ ಸಾಮಾನು ಅಂತ ಗೊತ್ತಾದ ಮೇಲೆ ಶತ್ರುಗಳೇ ಮದ್ರಾಸಿಗೆ ಕಳಿಸಿಕೊಟ್ರು. ಯುದ್ಧ ನಡೀತಿದ್ದಾಗ! ಆ ಅರ್ಧ ಟನ್ ಉಪಕರಣವನ್ನು ಪ್ರತಿ ಗುಡ್ಡಕ್ಕೂ ಜನ ಹೊತ್ತು ಹತ್ತಿಸಬೇಕಿತ್ತು. ಅವರ ಹೆಸರುಗಳು ಪುಸ್ತಕಗಳಲ್ಲಿ ಬರಲ್ಲ. ಹೊತ್ತವರು, ಮರ ಕಡಿದವರು, ಗುಡ್ಡದ ಮೇಲೆ ವಾರಗಟ್ಟಲೆ ಬಾವುಟ ಹಿಡಿದು ಕಾದವರು ಎಲ್ಲ ನಮ್ಮ ಕಡೆಯ ಜನರೇ.

1804ರಲ್ಲಿ ಬೆಂಗಳೂರು ಹತ್ತಿರ ಎರಡನೇ ಬೇಸ್‌ಲೈನ್. ಇದು ಪರೀಕ್ಷೆ ಇದ್ದ ಹಾಗೆ. ಮದ್ರಾಸಿಂದ ತ್ರಿಭುಜಗಳ ಲೆಕ್ಕದಲ್ಲಿ ಬಂದ ಉದ್ದ ಒಂದು, ನೆಲದ ಮೇಲೆ ಅಳೆದಾಗ ಬರುವ ಉದ್ದ ಇನ್ನೊಂದು. ಏಳು ಮೈಲಿಗೂ ಹೆಚ್ಚಿನ ಗೆರೆಯಲ್ಲಿ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಮುಂದೆ ಮಂಗಳೂರು ಕಡೆಯ ಕಡಲು ಮುಟ್ಟಿದಾಗ ಇನ್ನೊಂದು ವಿಷಯ ಗೊತ್ತಾಯ್ತು: ನಕ್ಷೆಗಳಲ್ಲಿ ಸುಮಾರು 400 ಮೈಲಿ ಅಗಲ ಅಂತ ತೋರಿಸ್ತಿದ್ದ ದಕ್ಷಿಣ ಭಾರತ ನಿಜವಾಗಿ ಸುಮಾರು 360 ಮೈಲಿ ಮಾತ್ರ. ನಲವತ್ತು ಮೈಲಿ ನೆಲ ಇರಲೇ ಇಲ್ಲ.

ಅವನ ಜೊತೆ ಇದ್ದವರಲ್ಲಿ ಇಬ್ಬರು ನಮಗೆ ಬೇರೆ ಕಡೆಯಿಂದ ಗೊತ್ತು. ಜಾನ್ ವಾರನ್, 1802ರಲ್ಲಿ ಕೋಲಾರದ ಚಿನ್ನದ ಬಗ್ಗೆ ವರದಿ ಬರೆದವನು. ಇನ್ನೊಬ್ಬ ಹೆನ್ರಿ ಕೇಟರ್. ಹೌದು, ಕೇಟರ್ಸ್ ಪೆಂಡುಲಮ್‌ನ ಕೇಟರೇ. ಫಿಸಿಕ್ಸ್ ಲ್ಯಾಬಲ್ಲಿ ಆ ರೀಡಿಂಗ್ ತಗೊಂಡು ಸುಸ್ತಾದವರಿಗೆ ಹೇಳ್ತೀನಿ, ಆ ಮನುಷ್ಯ ಮೊದಲು ಮೈಸೂರು ಸೀಮೆಯಲ್ಲಿ ಲ್ಯಾಂಬ್ಟನ್ ಕೈಕೆಳಗೆ ದುಡಿದು, ಆರೋಗ್ಯ ಕೆಡಿಸಿಕೊಂಡು ಇಂಗ್ಲೆಂಡಿಗೆ ವಾಪಸ್ ಹೋದವನು.

1808ರಲ್ಲಿ ತಂಜಾವೂರಿನಲ್ಲಿ ಅನಾಹುತ ಆಯ್ತು. ಅಲ್ಲಿ ಗುಡ್ಡ ಇಲ್ಲ, ಎಲ್ಲ ಕಡೆ ತೆಂಗಿನ ತೋಟ. ಹಾಗಾಗಿ ದೊಡ್ಡ ದೇವಸ್ಥಾನದ ಗೋಪುರದ ಮೇಲಕ್ಕೆ ಥಿಯೋಡೊಲೈಟನ್ನು ಹಗ್ಗ ಕಟ್ಟಿ ಎಳೆದ್ರು. ಹಗ್ಗ ಕಿತ್ತು ಉಪಕರಣ ಗೋಡೆಗೆ ಬಡೀತು. ಚಕ್ರ ಸೊಟ್ಟಗಾಯ್ತು. ಕೋನ ಅಳೆಯುವ ಚಕ್ರವೇ ಸೊಟ್ಟಗಾದ್ರೆ ಇನ್ನೇನು ಉಳೀತು? ಹೊಸದು ಬರಬೇಕು ಅಂದ್ರೆ ಇಂಗ್ಲೆಂಡಿಂದ, ವರ್ಷಗಟ್ಟಲೆ. ಲ್ಯಾಂಬ್ಟನ್ ಉಪಕರಣದ ಜೊತೆ ಒಳಗೆ ಸೇರಿ ಬಾಗಿಲು ಹಾಕಿಕೊಂಡ. ಸುಮಾರು ಆರು ವಾರ. ಪೂರ್ತಿ ಬಿಚ್ಚಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿದ್ದಿ ತಿದ್ದಿ ಚಕ್ರವನ್ನು ಮತ್ತೆ ಗುಂಡಗೆ ಮಾಡಿದ. ಅದೇ ಉಪಕರಣದಲ್ಲಿ ಮುಂದಿನ ವರ್ಷಗಳ ಕೆಲಸವೂ ನಡೀತು.

1809ರ ಹೊತ್ತಿಗೆ ದಕ್ಷಿಣದ ತುದಿ ಮುಗಿದಿತ್ತು. ಅಲ್ಲಿಂದ ಉತ್ತರಕ್ಕೆ. 1811ರಲ್ಲಿ ಗುತ್ತಿ ಹತ್ತಿರ ಬೇಸ್‌ಲೈನ್, 1815ರಲ್ಲಿ ಬೀದರ್ ಹತ್ತಿರದ ದಾಮರಗಿದ್ದದಲ್ಲಿ ಇನ್ನೊಂದು. ಇಲ್ಲಿಗೆ ನಮ್ಮ ಸೀಮೆ ಬಂತು ನೋಡಿ. ಗುತ್ತಿಯೂ ದಾಮರಗಿದ್ದವೂ ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ, 77 ಡಿಗ್ರಿ 40 ಮಿನಿಟ್ ಆಸುಪಾಸು. ಮ್ಯಾಪ್ ತೆಗೆದು ಆ ಗೆರೆ ಎಳೀರಿ. ಚಿಂಚೋಳಿಯಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್, ಸೇಡಂನಿಂದ ಸುಮಾರು 40. ಇಂಥ ತ್ರಿಭುಜಗಳ ಒಂದೊಂದು ಬದಿಯೇ ಮೂವತ್ತು ನಲವತ್ತು ಕಿಲೋಮೀಟರ್ ಇರ್ತಿತ್ತು ಅಂದ್ರೆ, ಅವನ ದೂರದರ್ಶಕಕ್ಕೆ ಇದು ಅಕ್ಕಪಕ್ಕದ ಊರು.

ಈ ಕಡೆಯ ಪ್ಲಾನಿಂಗ್ ಎಷ್ಟು ಕಷ್ಟ ಅಂತ ಒಂದು ಸಣ್ಣ ಲೆಕ್ಕ ಮಾಡಿದ್ರೆ ಗೊತ್ತಾಗುತ್ತೆ. ಭೂಮಿ ಬಾಗಿರೋದರಿಂದ, ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತವನಿಗೆ ಸುಮಾರು 36 ಕಿಲೋಮೀಟರ್ ದೂರದ ನೆಲ ಕಾಣುತ್ತೆ. ಎತ್ತರ 25 ಮೀಟರ್ ಆದ್ರೆ 18 ಮಾತ್ರ. ಕಾಗಿಣಾ ನದಿಯ ಬಯಲು ನೋಡಿದವರಿಗೆ ಗೊತ್ತು, ಮಳಖೇಡದಿಂದ ಶಹಾಬಾದ್‌ವರೆಗೆ ಚಪ್ಪಟೆ ಕಲ್ಲಿನ ಮೇಲೆ ಚಪ್ಪಟೆ ಹೊಲ. ಇಂಥ ಕಡೆ ತ್ರಿಭುಜ ನಿಲ್ಲೋದೇ ಇಲ್ಲ, ಎತ್ತರ ಹುಡುಕಿಕೊಂಡು ಹೋಗಬೇಕು. ಮೊದಲು ಒಂದು ತಂಡ ಮುಂದೆ ಹೋಗಿ ಗುಡ್ಡ ಆರಿಸಬೇಕು, ತುದಿಯ ಮರ ಕಡೀಬೇಕು, ಬಾವುಟ ನೆಡಬೇಕು, ಸುತ್ತಲಿನ ಗುಡ್ಡಗಳು ಕಾಣ್ತವಾ ಅಂತ ನೋಡಬೇಕು. ಒಂದು ಕಾಣದಿದ್ರೂ ಆ ಗುಡ್ಡ ಬಿಟ್ಟು ಇನ್ನೊಂದು. ಇದರ ಮೇಲೆ ಊರವರ ಸಂಶಯ ಬೇರೆ. ಇದು ನಿಜಾಮನ ರಾಜ್ಯ, ಕೋಟೆ ಇಟ್ಟುಕೊಂಡವರಿಗೆ ಗುಡ್ಡದ ಮೇಲೆ ದುರ್ಬೀನು ಹಿಡಿದ ಬಿಳಿಯ ಸೈನಿಕ ಬಂದ್ರೆ ಹೇಗನಿಸಬೇಕು? ಮನೆ ಹೆಂಗಸರನ್ನು ನೋಡೋಕೆ ಬಂದಿದ್ದಾರೆ ಅನ್ನೋ ಸಿಟ್ಟೂ ಕೆಲವು ಕಡೆ ಎದುರಾಯ್ತು. ಸಂಶಯ ಪೂರ್ತಿ ಸುಳ್ಳೂ ಅಲ್ಲ ಅಂತ ನನ್ನ ಅಭಿಪ್ರಾಯ. ಭೂಮಿಯ ಆಕಾರ ಲ್ಯಾಂಬ್ಟನ್‌ಗೆ ಬೇಕಿತ್ತು, ಆದ್ರೆ ಖರ್ಚು ಕೊಟ್ಟ ಕಂಪನಿಗೆ ಬೇಕಿದ್ದಿದ್ದು ನೆಲದ ಮೇಲಿನ ಹಿಡಿತ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಯಾವ ತಿಂಗಳು ಹೋಗೋದು ಅನ್ನೋದು. ಬೇಸಿಗೆಯಲ್ಲಿ ನಡೆಯೋದು ಸುಲಭ, ಆದ್ರೆ ಧೂಳು ಮತ್ತು ಬಿಸಿಗಾಳಿಯಲ್ಲಿ ದೂರದ ಬಾವುಟ ಕಾಣಲ್ಲ, ಕಂಡರೂ ನಡುಗ್ತಾ ಇರುತ್ತೆ. ಮಳೆ ಬಿದ್ದ ಮೇಲೆ ಗಾಳಿ ತೊಳೆದ ಹಾಗೆ ಆಗುತ್ತೆ, ಐವತ್ತು ಕಿಲೋಮೀಟರ್ ಆಚೆಯ ಗುಡ್ಡ ಪಕ್ಕದಲ್ಲಿದೆ ಅನಿಸುತ್ತೆ. ಆದ್ರೆ ಅದೇ ಕಾಲದಲ್ಲಿ ಕಾಡಲ್ಲಿ ಜ್ವರ. ಅದು ಸೊಳ್ಳೆಯಿಂದ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ರೊನಾಲ್ಡ್ ರಾಸ್ ಅದನ್ನು ಸಿಕಂದರಾಬಾದಿನಲ್ಲಿ ಕಂಡುಹಿಡಿದಿದ್ದು 1897ರಲ್ಲಿ. ಕೋನ ಬೇಕಾ, ಪ್ರಾಣ ಬೇಕಾ ಅನ್ನೋ ಆಯ್ಕೆಯಲ್ಲಿ ಸರ್ವೇ ಕೋನವನ್ನೇ ಆರಿಸ್ತು.

ಇದರ ಬೆಲೆ 1819ರಲ್ಲಿ ಕಾಣಿಸ್ತು. ಆಗಷ್ಟೇ ಲ್ಯಾಂಬ್ಟನ್‌ಗೆ ಸಹಾಯಕನಾಗಿ ಜಾರ್ಜ್ ಎವರೆಸ್ಟ್ ಬಂದಿದ್ದ, 28 ವರ್ಷದ ಹುಡುಗ. ಮಳೆಗಾಲದಲ್ಲಿ ಕೃಷ್ಣಾ ಮತ್ತು ಗೋದಾವರಿ ನಡುವಿನ ಕಾಡಿಗೆ ಅವನನ್ನು ಕಳಿಸಿದ್ರು. ನದಿಗಳು ತುಂಬಿ ಹರೀತಿದ್ವು. ಎಲ್ಲಾಪುರಂ ಅನ್ನೋ ಕಡೆ ಎವರೆಸ್ಟ್‌ಗೂ, ಜೊತೆಗಿದ್ದ ವೈದ್ಯ ವಾಯ್ಸಿಗೂ, ತಂಡದ ಸುಮಾರು 150 ಜನಕ್ಕೂ ಜ್ವರ ಹಿಡೀತು. ಹೈದರಾಬಾದಿನಿಂದ ಆನೆ, ಒಂಟೆ, ಗಾಡಿ ಕಳಿಸಿ ಹೊತ್ತು ತರಬೇಕಾಯ್ತು. ದಾರಿಯಲ್ಲಿ ಹದಿನೈದರಷ್ಟು ಜನ ಸತ್ತರು. ಎವರೆಸ್ಟ್ ಚೇತರಿಸಿಕೊಳ್ಳಲು ಆಫ್ರಿಕಾದ ಕೇಪ್‌ಗೆ ಹೋದ. ಇಷ್ಟಾದ ಮೇಲೂ ಕೆಲಸ ನಿಲ್ಲಲಿಲ್ಲ. ಇದನ್ನು ಧೈರ್ಯ ಅನ್ನಬೇಕಾ, ಹಠ ಅನ್ನಬೇಕಾ ಅಂತ ನಾನು ಯೋಚಿಸ್ತಾನೇ ಇದ್ದೀನಿ. ಲ್ಯಾಂಬ್ಟನ್ ತಾನೇ ಬಿಸಿಲು ಮಳೆಯಲ್ಲಿ ಇದ್ದ ಅನ್ನೋದು ನಿಜ. ಆದ್ರೆ ಬಾವುಟ ಹಿಡಿದವನಿಗೆ ಗುಡ್ಡ ಬಿಟ್ಟು ಇಳಿಯುವ ಆಯ್ಕೆ ಎಷ್ಟಿತ್ತು?

1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಫೆಲೋ ಮಾಡಿಕೊಂಡಿತು. 1818ರಲ್ಲಿ ಅವನ ಕೆಲಸಕ್ಕೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೇ ಅನ್ನೋ ಹೆಸರು ಬಂತು. ಅಷ್ಟರಲ್ಲಿ ಅವನು ಅರವತ್ತು ದಾಟಿದ್ದ. ಹೈದರಾಬಾದಿನಲ್ಲಿ ಮನೆ, ಇಲ್ಲಿಯದೇ ಸಂಸಾರ, ಮಕ್ಕಳು. ಇಂಗ್ಲೆಂಡಿಗೆ ವಾಪಸ್ ಹೋಗಲೇ ಇಲ್ಲ. ಕೆಮ್ಮು ಹಿಡಿದಿತ್ತು, ಮೈ ಸೋತಿತ್ತು, ಆದ್ರೆ ಥಿಯೋಡೊಲೈಟ್ ಮುಂದೆ ನಿಂತಾಗ ಬೇರೆಯೇ ಮನುಷ್ಯ ಆಗ್ತಿದ್ದ ಅಂತ ಎವರೆಸ್ಟ್‌ಗೂ ಅನಿಸಿತ್ತು. 1822ರಲ್ಲಿ ಬೇರಾರ್ ಸೀಮೆಯ ಟಾಕಳಖೇಡದಲ್ಲಿ ಕೊನೆಯ ಬೇಸ್‌ಲೈನ್ ಅಳೆದರು. ಕ್ಯಾಂಪನ್ನು ನಾಗಪುರದ ಕಡೆ ಸಾಗಿಸುವಾಗ, 1823ರ ಜನವರಿ 20ರಂದು, ಹಿಂಗಣಘಾಟ್‌ನಲ್ಲಿ ಲ್ಯಾಂಬ್ಟನ್ ತೀರಿಕೊಂಡ. ಎಪ್ಪತ್ತರ ಹತ್ತಿರ ವಯಸ್ಸು. ಅಲ್ಲೇ ಮಣ್ಣು ಮಾಡಿದ್ರು. ಅಷ್ಟು ಹೊತ್ತಿಗೆ ಸುಮಾರು 1,65,000 ಚದರ ಮೈಲಿ ತ್ರಿಭುಜಗಳ ಒಳಗೆ ಬಂದಿತ್ತು.

ಆಮೇಲೆ ಎವರೆಸ್ಟ್ ಆ ಗೆರೆಯನ್ನು ಹಿಮಾಲಯದ ಬುಡದವರೆಗೆ ಒಯ್ದ. ಪರ್ವತಕ್ಕೆ ಅವನ ಹೆಸರು ಬಂತು. ಲ್ಯಾಂಬ್ಟನ್ ಹೆಸರಲ್ಲಿ ಗುಡ್ಡವೊಂದೂ ಪ್ರಸಿದ್ಧವಾಗಲಿಲ್ಲ.

1841ರಲ್ಲಿ ಆಂಡ್ರೂ ವಾ ಅನ್ನೋ ಅಧಿಕಾರಿ ಬೀದರ್ ಬೇಸ್‌ಲೈನ್‌ಗೆ ಮತ್ತೆ ಬಂದ. ಈ ಸಲ ಸರಪಳಿ ಅಲ್ಲ, ಬಿಸಿಗೆ ಉದ್ದ ಬದಲಾಗದ ಹಾಗೆ ಎರಡು ಲೋಹ ಸೇರಿಸಿ ಮಾಡಿದ ಪಟ್ಟಿಗಳು. ಏಳೂವರೆ ಮೈಲಿಗೂ ಉದ್ದದ ಗೆರೆ. ಉತ್ತರದ ಸಿರೋಂಜ್‌ನಿಂದ, ನಾನೂರಕ್ಕೂ ಹೆಚ್ಚು ಮೈಲಿ ದೂರದ ತ್ರಿಭುಜಗಳ ಲೆಕ್ಕ ಹಿಡಿದು ಬಂದ ಉದ್ದಕ್ಕೂ, ಇಲ್ಲಿ ನೆಲದ ಮೇಲೆ ಅಳೆದ ಉದ್ದಕ್ಕೂ ವ್ಯತ್ಯಾಸ ಅರ್ಧ ಅಡಿಗಿಂತ ಕಡಿಮೆ ಇತ್ತು.