ಕರೆಂಟಿಗೆ ಹೆದರಿದ ದೊಡ್ಡವ್ವ, ಕಿರಣ ಅಳೆದ ಭಾಭಾ

ಕಳೆದ ವರ್ಷ ನಿಡಗುಂದಿಯ ನಮ್ಮ ದೊಡ್ಡವ್ವನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಆಮೇಲೆ ಡಾಕ್ಟರು ರೇಡಿಯೇಷನ್ ಬರೆದುಕೊಟ್ಟರು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಅಂತಾರೆ. ಆ ಹೆಸರು ಕೇಳಿಯೇ ದೊಡ್ಡವ್ವ ಅರ್ಧ ಇಳಿದುಹೋದಳು. ವಾರಕ್ಕೆ ಐದು ದಿನದಂತೆ ಐದು ವಾರದ ಚಿಕಿತ್ಸೆ. ಮೊದಲ ವಾರ ಮುಗಿಸಿ ಊರಿಗೆ ಬಂದವಳು ಎಂಟು ತಿಂಗಳ ಮೊಮ್ಮಗಳನ್ನು ಎತ್ತಿಕೊಳ್ಳಲೇ ಇಲ್ಲ. ಮೈಯಲ್ಲಿ ಉಳಿದ ಕಿರಣ ಕೂಸಿಗೂ ತಗಲುತ್ತದೆ ಎಂದು ಓಣಿಯಲ್ಲಿ ಯಾರೋ ಹೇಳಿದ್ದರಂತೆ. ಇನ್ನು ಮುಂದೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಳು.

ನಾನು ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಮೂರನೇ ವರ್ಷ ಓದುತ್ತಿದ್ದೇನೆ. ಇಂಜಿನಿಯರಿಂಗ್ ಓದುವ ನೀನಾದರೂ ತಿಳಿಸಿ ಹೇಳು ಎಂದು ಮನೆಯವರು ನನ್ನ ಮುಖ ನೋಡಿದರು. ನಿಜ ಹೇಳಬೇಕೆಂದರೆ ನನಗೂ ಏನೂ ಗೊತ್ತಿರಲಿಲ್ಲ. ಆ ರಾತ್ರಿ ಓದುತ್ತಾ ಕುಳಿತಾಗ, ಕ್ಯಾನ್ಸರ್ ಚಿಕಿತ್ಸೆಗೆಂದು ನಮ್ಮ ದೇಶದಲ್ಲೇ ತಯಾರಾದ ಕೋಬಾಲ್ಟ್ ಯಂತ್ರವೊಂದರ ಹೆಸರು ಭಾಭಾಟ್ರಾನ್ ಎಂದು ತಿಳಿಯಿತು. ಅಣುಶಕ್ತಿಯ ಪಾಠದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬರುವ ಹೋಮಿ ಭಾಭಾ ಅವರ ಹೆಸರು ಆಸ್ಪತ್ರೆಯ ಯಂತ್ರಕ್ಕೆ ಯಾಕೆ? ಅಲ್ಲಿಂದ ಅವರ ಜೀವನ ಓದಲು ಶುರು ಮಾಡಿದೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯಲ್ಲಿ. ಟಾಟಾ ಮನೆತನಕ್ಕೆ ಹತ್ತಿರದ ನೆಂಟರು. ಮಗ ಇಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕೆಂಬುದು ತಂದೆಯ ಆಸೆ. ಅದಕ್ಕಾಗಿಯೇ 1927ರಲ್ಲಿ ಕೇಂಬ್ರಿಡ್ಜಿಗೆ ಕಳಿಸಿದರು. ಅಲ್ಲಿ ಅವರು ಓದಿದ್ದೂ ನನ್ನ ಹಾಗೆ ಮೆಕ್ಯಾನಿಕಲ್! ಆದರೆ ಮನಸ್ಸು ಮಾತ್ರ ಭೌತವಿಜ್ಞಾನದ ಕಡೆ. ಮನೆಯಲ್ಲಿ ಒಂದು ಒಪ್ಪಂದವಾಯಿತು. ಇಂಜಿನಿಯರಿಂಗನ್ನು ಪ್ರಥಮ ದರ್ಜೆಯಲ್ಲಿ ಪಾಸಾದರೆ ಮುಂದೆ ಗಣಿತ ಓದಿಸಲು ತಂದೆ ಒಪ್ಪಿದರು. 1930ರಲ್ಲಿ ಭಾಭಾ ಪ್ರಥಮ ದರ್ಜೆ ತಂದರು, ತಂದೆಯೂ ಮಾತು ಉಳಿಸಿಕೊಂಡರು. ಮನೆಯವರ ಆಸೆ ಒಂದು, ನಮ್ಮ ಆಸೆ ಇನ್ನೊಂದು ಇರುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು.

ಅವರು ಬೆನ್ನು ಹತ್ತಿದ್ದು ಕಾಸ್ಮಿಕ್ ಕಿರಣಗಳನ್ನು. ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ ಕಣಗಳು ನಮ್ಮ ವಾತಾವರಣಕ್ಕೆ ಬಡಿದು ಹೊಸ ಕಣಗಳನ್ನು ಹುಟ್ಟಿಸುತ್ತವೆ. ಒಂದರಿಂದ ಎರಡು, ಎರಡರಿಂದ ನಾಲ್ಕು ಎಂಬಂತೆ ಎಲೆಕ್ಟ್ರಾನ್ ಮತ್ತು ಗಾಮಾ ಕಿರಣಗಳ ಮಳೆ ಹೇಗೆ ಬೆಳೆಯುತ್ತದೆ ಎಂಬುದನ್ನು 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಸೇರಿ ಭಾಭಾ ಲೆಕ್ಕ ಹಾಕಿ ತೋರಿಸಿದರು.

1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಎರಡನೇ ಮಹಾಯುದ್ಧ ಶುರುವಾಯಿತು. ವಾಪಸ್ ಹೋಗಲಾಗಲಿಲ್ಲ. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಕಾಸ್ಮಿಕ್ ಕಿರಣ ಸಂಶೋಧನೆಯ ಘಟಕ ಕಟ್ಟಿದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾದದ್ದೂ ಬೆಂಗಳೂರಿನಲ್ಲಿಯೇ. ಅದೇ ವರ್ಷದ ಕೊನೆಗೆ ಅದು ಮುಂಬೈಗೆ ಹೋಯಿತು. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಗಳು, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರೂ ಸೇರಿ, ನಮ್ಮ ಕೋಲಾರದ ಚಿನ್ನದ ಗಣಿಗೆ ಇಳಿದು, ಈ ಕಣಗಳು ಭೂಮಿಯೊಳಗೆ ಎಷ್ಟು ಆಳದವರೆಗೆ ಬರುತ್ತವೆ ಎಂದು ಅಳೆದರು.

ಇದನ್ನು ಓದಿದಾಗ ನನಗೆ ಮೊದಲ ಉತ್ತರ ಸಿಕ್ಕಿತು. ಮ್ಯೂಯಾನ್ ಎಂಬ ಕಣಗಳು ಸೆಕೆಂಡಿಗೆ ಸುಮಾರು ಒಂದರಂತೆ ನಮ್ಮ ಅಂಗೈಯನ್ನು ತೂರಿಕೊಂಡು ಹೋಗುತ್ತಲೇ ಇರುತ್ತವೆ. ಮನೆಯ ಕಲ್ಲು, ಹೊಲದ ಮಣ್ಣು, ತಿನ್ನುವ ಬಾಳೆಹಣ್ಣು ಎಲ್ಲದರಲ್ಲೂ ಅಷ್ಟಿಷ್ಟು ವಿಕಿರಣ ಇದೆ. ಬೆಳಕು, ಮೊಬೈಲ್ ತರಂಗ ಕೂಡ ವಿಕಿರಣವೇ, ಆದರೆ ಅವಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಇಲ್ಲ. ಎಕ್ಸ್-ರೇ, ಗಾಮಾ ಕಿರಣಗಳಿಗೆ ಇದೆ. ಹಾಗಾಗಿ ಅವು ಜೀವಕೋಶವನ್ನು ಕೆಡಿಸಬಲ್ಲವು. ಎಷ್ಟು ಪ್ರಮಾಣ, ಎಷ್ಟು ಹೊತ್ತು, ಎಷ್ಟು ದೂರ, ನಡುವೆ ಅಡ್ಡ ಏನಿದೆ ಎಂಬುದರ ಮೇಲೆ ಅಪಾಯ ನಿಂತಿದೆ.

1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಾಸಾಕಿ ಸುಟ್ಟವು. ಬದುಕುಳಿದವರನ್ನೂ ವಿಕಿರಣ ಬಿಡಲಿಲ್ಲ. ಜಗತ್ತು ಅಣು ಎಂದರೆ ನಡುಗುತ್ತಿದ್ದ ಆ ಕಾಲದಲ್ಲೇ ಭಾಭಾ ಅಣುಶಕ್ತಿಯ ಕೆಲಸ ಕೈಗೆತ್ತಿಕೊಂಡರು. 1948ರಲ್ಲಿ ಅಣುಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದರು. 1955ರಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ಜಿನೀವಾದಲ್ಲಿ ವಿಶ್ವಸಂಸ್ಥೆ ನಡೆಸಿದ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ಔಷಧಕ್ಕೂ ಸಂಶೋಧನೆಗೂ ಬೇಕಾದ ಐಸೋಟೋಪುಗಳ ತಯಾರಿಕೆ ದೇಶದಲ್ಲಿ ಶುರುವಾದದ್ದು ಅಲ್ಲಿಂದಲೇ. ಸಾದಾ ಕೋಬಾಲ್ಟನ್ನು ರಿಯಾಕ್ಟರಿನಲ್ಲಿಟ್ಟರೆ ಅದು ಕೋಬಾಲ್ಟ್-60 ಆಗಿ ಗಾಮಾ ಕಿರಣ ಸೂಸುತ್ತದೆ. ಭಾಭಾಟ್ರಾನ್ ಯಂತ್ರದ ಹೊಟ್ಟೆಯಲ್ಲಿರುವುದು ಅದೇ.

1966ರ ಜನವರಿ 24ರಂದು ಭಾಭಾ ಪ್ರಯಾಣಿಸುತ್ತಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತಕ್ಕೆ ಅಪ್ಪಳಿಸಿತು. ಅವರಿಗಿನ್ನೂ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರು ಇಟ್ಟರು. ಅವರ ಹೆಸರಿನ ಯಂತ್ರ ರೂಪಿಸಿದ್ದು ಅದೇ ಕೇಂದ್ರ.

ಓದಿದ್ದನ್ನೆಲ್ಲ ದೊಡ್ಡವ್ವನಿಗೆ ಹೇಳಲು ಆಗುವುದಿಲ್ಲವಲ್ಲ. ರಾತ್ರಿ ಬ್ಯಾಟರಿ ತಂದು ಅವಳ ಅಂಗೈ ಮೇಲೆ ಬೆಳಕು ಬಿಟ್ಟೆ. ಆಮೇಲೆ ಆರಿಸಿ, ಕೈಯಲ್ಲಿ ಬೆಳಕು ಉಳಿದಿದೆಯೇನು ಎಂದು ಕೇಳಿದೆ. ಇಲ್ಲ ಎಂದಳು. ಹೊರಗಿನ ಯಂತ್ರದಿಂದ ಕೊಡುವ ಕಿರಣವೂ ಹಾಗೆಯೇ, ಯಂತ್ರ ನಿಂತರೆ ಮುಗಿಯಿತು, ಮೈಯಲ್ಲಿ ಉಳಿಯುವುದಿಲ್ಲ, ಕೂಸಿಗೆ ತಗಲುವುದಿಲ್ಲ ಎಂದೆ. ಕಿರಣ ಬಿದ್ದ ಕಡೆ ಚರ್ಮ ಕಪ್ಪಾಗಬಹುದು, ಸುಸ್ತಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಕ್ಯಾನ್ಸರ್ ಕೋಶ ಕೊಲ್ಲುವಷ್ಟು ಅಳತೆ ಮಾಡಿ, ಬೇಕಾದ ಜಾಗಕ್ಕಷ್ಟೇ ಕೊಡುತ್ತಾರೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಾಕ್ಟರಿಗೂ ಒಮ್ಮೆ ಕೇಳು ಎಂದಳು. ಸೋಮವಾರ ಜೊತೆಗೆ ಹೋಗಿ ಕೇಳಿದೆ. ಅವರೂ ಅದನ್ನೇ ಹೇಳಿದರು.

ಐದೂ ವಾರ ಮುಗಿದವು. ಚರ್ಮ ಕಪ್ಪಾಯಿತು, ಸುಸ್ತೂ ಆಯಿತು. ಈಗ ಎರಡೂ ಕಡಿಮೆಯಾಗಿವೆ, ತಪಾಸಣೆಗೆ ಹೋಗಿಬರುತ್ತಾಳೆ. ಕೂಸು ನಡೆಯಲು ಕಲಿತಿದೆ. ದೊಡ್ಡವ್ವ ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ಓಣಿಯಲ್ಲಿ ತಿರುಗುತ್ತಾಳೆ. ಕರೆಂಟಿಗೆ ಹೆದರಿದವರು ಯಾರಾದರೂ ಸಿಕ್ಕರೆ ಬ್ಯಾಟರಿಯ ಕಥೆ ಹೇಳುವವಳು ಈಗ ಅವಳೇ.